ಜಿಎನ್‌ಪಿಟಿಎಬಿ ವಂಶವಾಹಿ

ಜಿಎನ್‌ಪಿಟಿಎಬಿ : ಮಾನವನ 12ನೆಯ ವರ್ಣತಂತುವಿನ ಉದ್ದ ತೋಳಿನಲ್ಲಿರುವ ಒಂದು ವಂಶವಾಹಿ. ಜೀವಕೋಶದೊಳಗೆ ತಯಾರಾಗುವ ಜೀರ್ಣಕಾರಿ ಕಿಣ್ವಗಳು ಲೈಸೊಸೋಮುಗಳನ್ನು ಸೇರಬೇಕಾದರೆ ಅವಕ್ಕೆ ಒಂದು ರಾಸಾಯನಿಕ ಗುರುತು ಬೀಳಬೇಕು. ಆ ಗುರುತು ಹಾಕುವ ಕಿಣ್ವದ ಮುಖ್ಯ ಭಾಗಗಳು ಈ ವಂಶವಾಹಿಯಿಂದ ರೂಪುಗೊಳ್ಳುತ್ತವೆ. ಜಿಎನ್‌ಪಿಟಿಎಬಿ ತಾನಾಗಿ ಯಾವ ಜೀರ್ಣಕಿಣ್ವವನ್ನೂ ಒದಗಿಸುವುದಿಲ್ಲ. ಆದರೂ ಇದು ಕೆಟ್ಟರೆ ಹತ್ತಾರು ಕಿಣ್ವಗಳು ಒಟ್ಟಿಗೇ ದಾರಿ ತಪ್ಪಿ ಕೋಶದಿಂದ ಹೊರಗೆ ಸೋರಿಹೋಗುತ್ತವೆ. ಮ್ಯೂಕೊಲಿಪಿಡೋಸಿಸ್ ಎರಡು ಮತ್ತು ಮ್ಯೂಕೊಲಿಪಿಡೋಸಿಸ್ ಮೂರು ಎಂಬ ಅಪರೂಪದ ಆನುವಂಶಿಕ ಕಾಯಿಲೆಗಳಿಗೆ ಇದರ ದೋಷ ಕಾರಣ. ಕೆಲವು ಕುಟುಂಬಗಳಲ್ಲಿ ಕಂಡುಬರುವ ಉಗ್ಗಿಗೂ ಇದಕ್ಕೂ ನಂಟಿರುವುದು 2010ರಲ್ಲಿ ತಿಳಿದುಬಂತು.

ಲೈಸೊಸೋಮು ಮತ್ತು ಅದರ ಕಿಣ್ವಗಳು

ಲೈಸೊಸೋಮು ಒಂದೇ ಪೊರೆಯಿಂದ ಆವೃತವಾದ ಸಣ್ಣ ಕೋಶಾಂಗ. 1955ರಲ್ಲಿ ಬೆಲ್ಜಿಯಮ್ಮಿನ ಕ್ರಿಸ್ಟಿಯಾನ್ ಡ ಡೂವ್ ಮತ್ತು ಸಂಗಡಿಗರು ಇದನ್ನು ಗುರುತಿಸಿ ಹೆಸರಿಟ್ಟರು. ಕೋಶದ ರಚನೆಯ ಕುರಿತ ಕೆಲಸಕ್ಕಾಗಿ ಡ ಡೂವ್, ಆಲ್ಬರ್ಟ್ ಕ್ಲಾಡ್ ಮತ್ತು ಜಾರ್ಜ್ ಪಲಾಡೆ ಅವರಿಗೆ 1974ರ ನೊಬೆಲ್ ಪ್ರಶಸ್ತಿ ಸಂದಿತು. ಲೈಸೊಸೋಮಿನ ಒಳಭಾಗ ಆಮ್ಲೀಯ, ಪಿಎಚ್ 4.5ರಿಂದ 5ರ ಆಸುಪಾಸು. ಅಲ್ಲಿ ಸುಮಾರು 60 ಬಗೆಯ ಜಲವಿಚ್ಛೇದಕ ಕಿಣ್ವಗಳಿವೆ. ಸವೆದ ಪ್ರೋಟೀನು, ಕೊಬ್ಬು, ಸಕ್ಕರೆಯ ಸರಪಳಿ, ನ್ಯೂಕ್ಲಿಯಿಕ್ ಆಮ್ಲ ಎಲ್ಲವನ್ನೂ ಅವು ಒಡೆದು, ಮರುಬಳಕೆಗೆ ಬರುವ ಚಿಕ್ಕ ಅಣುಗಳನ್ನಾಗಿ ಮಾಡುತ್ತವೆ.

ಇವುಗಳಲ್ಲಿ ಒಂದು ಕಿಣ್ವ ಇಲ್ಲವಾದರೂ ಅದು ಒಡೆಯಬೇಕಿದ್ದ ವಸ್ತು ಲೈಸೊಸೋಮಿನಲ್ಲೇ ಶೇಖರವಾಗುತ್ತ ಹೋಗುತ್ತದೆ. ಪೊಂಪೆ ಕಾಯಿಲೆ ಹೀಗೆ ಒಂದೇ ಕಿಣ್ವದ ಕೊರತೆಯಿಂದ ಬರುವುದೆಂದು ಬೆಲ್ಜಿಯಮ್ಮಿನ ಆನ್ರಿ ಹೆರ್ಸ್ 1963ರಲ್ಲಿ ತೋರಿಸಿದರು. ಗೋಶೆ, ಟೇ-ಸ್ಯಾಕ್ಸ್, ಹರ್ಲರ್, ಫ್ಯಾಬ್ರಿ ಕಾಯಿಲೆಗಳು ಇದೇ ಗುಂಪಿನವು. ಜಿಎನ್‌ಪಿಟಿಎಬಿ ದೋಷದಿಂದ ಬರುವ ಕಾಯಿಲೆಗಳೂ ಶೇಖರಣಾ ಕಾಯಿಲೆಗಳೇ. ಆದರೆ ಕಾರಣ ಬೇರೆ: ಇಲ್ಲಿ ಕಿಣ್ವಗಳು ತಯಾರಾಗುತ್ತವೆ, ಕೆಲಸ ಮಾಡುವ ಶಕ್ತಿಯೂ ಅವಕ್ಕಿರುತ್ತದೆ, ಸೇರಬೇಕಾದ ಜಾಗವನ್ನು ಮಾತ್ರ ಸೇರುವುದಿಲ್ಲ.

ಸಂಶೋಧನೆಯ ಇತಿಹಾಸ

ಈ ಸಾಗಣೆಯ ಕ್ರಮ ತಿಳಿದದ್ದು ಆರೋಗ್ಯವಂತ ಕೋಶಗಳ ಅಧ್ಯಯನದಿಂದಲ್ಲ, ಒಂದು ಕಾಯಿಲೆಯಿಂದ. 1967ರಲ್ಲಿ ಜೂಲ್ಸ್ ಲೆರಾಯ್ ಮತ್ತು ರಾಬರ್ಟ್ ಡಿಮಾರ್ಸ್ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ, ಹರ್ಲರ್ ಕಾಯಿಲೆಯನ್ನು ಹೋಲುವ ಲಕ್ಷಣಗಳಿದ್ದ ಮಗುವಿನ ಚರ್ಮದ ಕೋಶಗಳನ್ನು ಬೆಳೆಸಿ ನೋಡಿದರು. ಸೂಕ್ಷ್ಮದರ್ಶಕದಲ್ಲಿ ಆ ಕೋಶಗಳ ತುಂಬ ಕಪ್ಪು ಕಣಗಳು ಕಂಡವು. ಈ ಅಂತರ್ಗತ ಕಣಗಳಿಂದಾಗಿ (ಇಂಗ್ಲಿಷಿನಲ್ಲಿ ಇನ್‌ಕ್ಲೂಷನ್) ಅವಕ್ಕೆ ಐ-ಕೋಶಗಳೆಂದೂ ಕಾಯಿಲೆಗೆ ಐ-ಕೋಶ ಕಾಯಿಲೆಯೆಂದೂ ಹೆಸರಾಯಿತು. ಇದರ ಸೌಮ್ಯ ರೂಪವನ್ನು ಫ್ರಾನ್ಸಿನ ಮರೊಟೊ ಮತ್ತು ಲಾಮಿ 1966ರಲ್ಲೇ ವರ್ಣಿಸಿದ್ದರು. ಮ್ಯೂಕೊಲಿಪಿಡೋಸಿಸ್ ಎಂಬ ಗುಂಪಿನ ಹೆಸರನ್ನು 1970ರಲ್ಲಿ ಜರ್ಮನಿಯ ಸ್ಪ್ರಾಂಗರ್ ಮತ್ತು ವೀಡಮನ್ ಬಳಕೆಗೆ ತಂದರು; ಐ-ಕೋಶ ಕಾಯಿಲೆ ಅದರಲ್ಲಿ ಎರಡನೆಯದು, ಸೌಮ್ಯ ರೂಪ ಮೂರನೆಯದು.

ಅದೇ ಹೊತ್ತಿಗೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಎಲಿಜಬೆತ್ ನ್ಯೂಫೆಲ್ಡ್ ಮತ್ತು ಸಹೋದ್ಯೋಗಿಗಳು ಮತ್ತೊಂದು ವಿಚಿತ್ರವನ್ನು ಕಂಡಿದ್ದರು. ಹರ್ಲರ್ ಮತ್ತು ಹಂಟರ್ ಕಾಯಿಲೆಗಳ ಕೋಶಗಳನ್ನು ಒಂದೇ ತಟ್ಟೆಯಲ್ಲಿ ಬೆಳೆಸಿದಾಗ ಎರಡೂ ಪರಸ್ಪರರ ದೋಷವನ್ನು ಸರಿಪಡಿಸಿದವು. ಕೋಶಗಳು ಹೊರಬಿಟ್ಟ ಕಿಣ್ವವನ್ನು ನೆರೆಯ ಕೋಶಗಳು ಹೀರಿಕೊಂಡು ತಮ್ಮ ಲೈಸೊಸೋಮಿಗೆ ಸೇರಿಸಬಲ್ಲವು ಎಂಬುದು 1968ರ ಈ ಪ್ರಯೋಗದ ತಿರುಳು.

1972ರಲ್ಲಿ ಹಿಕ್‌ಮನ್ ಮತ್ತು ನ್ಯೂಫೆಲ್ಡ್ ಇದೇ ಪರೀಕ್ಷೆಗೆ ಐ-ಕೋಶಗಳನ್ನು ಒಡ್ಡಿದರು. ಸಾಮಾನ್ಯ ಕೋಶಗಳು ಹೊರಬಿಟ್ಟ ಕಿಣ್ವವನ್ನು ಐ-ಕೋಶಗಳು ತೊಂದರೆಯಿಲ್ಲದೆ ಒಳಗೆ ತೆಗೆದುಕೊಂಡವು. ಐ-ಕೋಶಗಳು ಹೊರಬಿಟ್ಟ ಕಿಣ್ವವನ್ನಾದರೋ ಬೇರೆ ಯಾವ ಕೋಶವೂ ಸ್ವೀಕರಿಸಲಿಲ್ಲ. ಅಂದರೆ ಸ್ವೀಕರಿಸುವ ವ್ಯವಸ್ಥೆಯಲ್ಲಿ ದೋಷವಿಲ್ಲ, ಐ-ಕೋಶದ ಕಿಣ್ವಗಳಲ್ಲಿ ಏನೋ ಕೊರೆಯಿದೆ. ಬೇರೆ ಬೇರೆ ವಂಶವಾಹಿಗಳಿಂದ ತಯಾರಾದ ಕಿಣ್ವಗಳೆಲ್ಲದರಲ್ಲೂ ಅದೇ ಕೊರೆ ಇರುವುದರಿಂದ, ಅವೆಲ್ಲಕ್ಕೂ ತಯಾರಾದ ಮೇಲೆ ಬೀಳಬೇಕಾದ ಸಾಮಾನ್ಯ ಗುರುತೊಂದು ಬಿದ್ದಿಲ್ಲ ಎಂದು ಅವರು ತರ್ಕಿಸಿದರು.

ಆ ಗುರುತು ಯಾವುದೆಂಬ ಪ್ರಶ್ನೆಗೆ 1977ರಲ್ಲಿ ಉತ್ತರ ಸಿಕ್ಕಿತು. ಸೇಂಟ್ ಲೂಯಿಸ್‌ನಲ್ಲಿ ಕಪ್ಲಾನ್, ಆಕಾರ್ಡ್ ಮತ್ತು ವಿಲಿಯಮ್ ಸ್ಲೈ, ಮ್ಯಾನೋಸ್ 6-ಫಾಸ್ಫೇಟ್ ಎಂಬ ಸಕ್ಕರೆಯನ್ನು ದ್ರಾವಣಕ್ಕೆ ಬೆರೆಸಿದರೆ ಕೋಶಗಳು ಕಿಣ್ವವನ್ನು ಹೀರುವುದು ನಿಂತುಹೋಗುತ್ತದೆಂದು ತೋರಿಸಿದರು. ಕಿಣ್ವದಿಂದ ಫಾಸ್ಫೇಟನ್ನು ಕಿತ್ತುಹಾಕಿದರೂ ಫಲ ಅದೇ. 1981ರಲ್ಲಿ ಜರ್ಮನಿಯಲ್ಲಿ ಹಸಿಲಿಕ್, ವಹೀದ್ ಮತ್ತು ಫಾನ್ ಫಿಗೂರ, ಸೇಂಟ್ ಲೂಯಿಸ್‌ನಲ್ಲಿ ರೈಟ್‌ಮನ್ ಮತ್ತು ಸ್ಟುವರ್ಟ್ ಕಾರ್ನ್‌ಫೆಲ್ಡ್ ಈ ಫಾಸ್ಫೇಟ್ ಗುರುತನ್ನು ಹಾಕುವ ಕಿಣ್ವವನ್ನೂ ಐ-ಕೋಶಗಳಲ್ಲಿ ಅದರ ಕೊರತೆಯನ್ನೂ ಪತ್ತೆಹಚ್ಚಿದರು. ಕಾಯಿಲೆಯ ಸೌಮ್ಯ ರೂಪದಲ್ಲೂ ಇದೇ ಕಿಣ್ವ ಕಡಿಮೆಯಿರುವುದನ್ನು ತೋರಿಸಿದ ಅದೇ ವರ್ಷದ ಲೇಖನದಲ್ಲಿ ರೈಟ್‌ಮನ್ ಮತ್ತು ಕಾರ್ನ್‌ಫೆಲ್ಡ್ ಅವರೊಂದಿಗೆ ಅಜಿತ್ ವರ್ಕಿ ಇದ್ದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ವೈದ್ಯಕೀಯ ಓದಿ ಅಮೆರಿಕಕ್ಕೆ ಹೋಗಿದ್ದ ವರ್ಕಿ ಮುಂದೆ ಸಕ್ಕರೆ ಸರಪಳಿಗಳ ಜೀವಶಾಸ್ತ್ರದ ಪ್ರಮುಖ ವಿದ್ವಾಂಸರಾದರು.

ಕಿಣ್ವವನ್ನು ಶುದ್ಧರೂಪದಲ್ಲಿ ಪಡೆಯಲು 1996ರವರೆಗೆ ಕಾಯಬೇಕಾಯಿತು. ವಿಲಿಯಮ್ ಕ್ಯಾನ್‌ಫೀಲ್ಡ್ ಅವರ ತಂಡ ಹಾಲು ಕರೆಯುವ ಹಸುವಿನ ಕೆಚ್ಚಲಿನ ಅಂಗಾಂಶದಿಂದ ಅದನ್ನು ಬೇರ್ಪಡಿಸಿತು. ಅದರ ಗಾಮಾ ಉಪಘಟಕದ ವಂಶವಾಹಿ 2000ದಲ್ಲಿ, ಆಲ್ಫಾ ಮತ್ತು ಬೀಟಾ ಉಪಘಟಕಗಳ ವಂಶವಾಹಿ 2005ರಲ್ಲಿ ಗೊತ್ತಾದವು. ಎರಡನೆಯದೇ ಜಿಎನ್‌ಪಿಟಿಎಬಿ. ಕಾಯಿಲೆಯನ್ನು ವರ್ಣಿಸಿ ಆಗಲೇ ಸುಮಾರು ನಾಲ್ಕು ದಶಕಗಳಾಗಿದ್ದವು.

ವಂಶವಾಹಿ ಮತ್ತು ಪ್ರೋಟೀನು

ಜಿಎನ್‌ಪಿಟಿಎಬಿ ಸುಮಾರು 85,000 ಪ್ರತ್ಯಾಮ್ಲ ಜೋಡಿಗಳಷ್ಟು ಉದ್ದವಾಗಿದ್ದು 21 ಎಕ್ಸಾನುಗಳನ್ನು ಒಳಗೊಂಡಿದೆ. ಇದರಿಂದ 1,256 ಅಮೈನೊ ಆಮ್ಲಗಳ ಒಂದು ಪೂರ್ವಪ್ರೋಟೀನು ತಯಾರಾಗುತ್ತದೆ. ಎರಡು ತುದಿಗಳಲ್ಲೂ ಪೊರೆಯನ್ನು ಹಾದುಹೋಗುವ ಈ ಪ್ರೋಟೀನಿನ ಬಹುಭಾಗ ಗಾಲ್ಜಿ ಸಂಕೀರ್ಣದ ಒಳಗಡೆಗೆ ಚಾಚಿಕೊಂಡಿರುತ್ತದೆ.

ಪೂರ್ವಪ್ರೋಟೀನು ಹಾಗೆಯೇ ಕೆಲಸಕ್ಕೆ ಬಾರದು. ಎಂಡೊಪ್ಲಾಸ್ಮಿಕ್ ರೆಟಿಕ್ಯುಲಮ್ಮಿನಿಂದ ಗಾಲ್ಜಿಗೆ ಬಂದ ಮೇಲೆ ಸೈಟ್-1 ಪ್ರೋಟಿಯೇಸ್ ಎಂಬ ಕಿಣ್ವ ಅದನ್ನು 928 ಮತ್ತು 929ನೆಯ ಅಮೈನೊ ಆಮ್ಲಗಳ ನಡುವೆ ಕತ್ತರಿಸುತ್ತದೆ. ಮೊದಲ ತುಂಡು ಆಲ್ಫಾ, ಎರಡನೆಯದು ಬೀಟಾ. ಕೋಶದಲ್ಲಿ ಕೊಲೆಸ್ಟರಾಲ್ ಪ್ರಮಾಣದ ನಿಯಂತ್ರಣಕ್ಕೆ ಸಂಬಂಧಿಸಿದಂತೆ ಹೆಸರಾಗಿದ್ದ ಈ ಪ್ರೋಟಿಯೇಸ್ ಇಲ್ಲೂ ಬೇಕಾಗಿದೆ ಎಂಬುದು 2011ರಲ್ಲಿ ಬೆಳಕಿಗೆ ಬಂತು. 16ನೆಯ ವರ್ಣತಂತುವಿನಲ್ಲಿರುವ ಜಿಎನ್‌ಪಿಟಿಜಿ ವಂಶವಾಹಿಯಿಂದ ಗಾಮಾ ಉಪಘಟಕ ಬರುತ್ತದೆ. ಮೂರು ಬಗೆಯ ಉಪಘಟಕಗಳು ಎರಡೆರಡರಂತೆ ಸೇರಿ ಗುರುತು ಹಾಕುವ ಆರು ತುಂಡುಗಳ ಪೂರ್ಣ ಕಿಣ್ವವಾದ ಫಾಸ್ಫೋಟ್ರಾನ್ಸ್‌ಫರೇಸ್ ಆಗುತ್ತದೆ. ವೇಗವರ್ಧನೆಯ ಕೆಲಸ ಆಲ್ಫಾ ಮತ್ತು ಬೀಟಾಗಳದು. ಗಾಮಾ ಉಪಘಟಕ ಕೆಲವು ಲೈಸೊಸೋಮ್ ಕಿಣ್ವಗಳಿಗೆ ಗುರುತು ಚೆನ್ನಾಗಿ ಬೀಳಲು ನೆರವಾಗುತ್ತದೆ.

ವೇಗವರ್ಧಕ ಭಾಗದ ಬಂಧುಗಳು ಬ್ಯಾಕ್ಟೀರಿಯಾಗಳಲ್ಲಿವೆ. ರೋಗಕಾರಕ ಬ್ಯಾಕ್ಟೀರಿಯಾಗಳು ದೇಹದ ರಕ್ಷಣಾ ವ್ಯವಸ್ಥೆಯಿಂದ ತಪ್ಪಿಸಿಕೊಳ್ಳಲು ಕಟ್ಟಿಕೊಳ್ಳುವ ಸಕ್ಕರೆಯ ಹೊದಿಕೆಗೆ ಬೇಕಾದ ಕಿಣ್ವಗಳು ಇದೇ ಮಾದರಿಯವು. ಜಿಎನ್‌ಪಿಟಿಎಬಿ ಪ್ರೋಟೀನಿನಲ್ಲಿ ಈ ಭಾಗದ ಜೊತೆಗೆ, ಲೈಸೊಸೋಮ್ ಕಿಣ್ವಗಳನ್ನು ಗುರುತಿಸಲು ಬೇಕಾದ ಬೇರೆ ಭಾಗಗಳೂ ಇವೆ.

ಈ ಕಿಣ್ವ ಗಾಲ್ಜಿಯಲ್ಲೇ ನೆಲೆ ನಿಲ್ಲಲು ಇನ್ನೊಂದು ಪ್ರೋಟೀನಿನ ಆಸರೆ ಬೇಕು. ಮೊದಲು ಟಿಎಮ್‌ಇಎಮ್251 ಎಂದು ಕರೆಯುತ್ತಿದ್ದ, ಈಗ ಲೈಸೆಟ್ ಎನಿಸಿಕೊಳ್ಳುವ ಆ ಸಣ್ಣ ಪೊರೆಪ್ರೋಟೀನಿನ ಪಾತ್ರವನ್ನು 2022ರಲ್ಲಿ ಹಲವು ತಂಡಗಳು ಹೆಚ್ಚುಕಡಿಮೆ ಒಟ್ಟಿಗೇ ವರದಿ ಮಾಡಿದವು. ಲೈಸೆಟ್ ಇಲ್ಲದ ಕೋಶಗಳಲ್ಲಿ ಫಾಸ್ಫೋಟ್ರಾನ್ಸ್‌ಫರೇಸ್ ಗಾಲ್ಜಿಯಲ್ಲಿ ಉಳಿಯದೆ ನಾಶವಾಗುತ್ತದೆ. ಲೈಸೆಟ್ ದೋಷದಿಂದ ಐ-ಕೋಶ ಕಾಯಿಲೆಯನ್ನು ಹೋಲುವ ಮೂಳೆಯ ವಿಕಾರಗಳು ಬರುತ್ತವೆ.

ಗುರುತು ಬೀಳುವ ಕ್ರಮ

ಲೈಸೊಸೋಮಿಗೆ ಸೇರಬೇಕಾದ ಕಿಣ್ವಗಳೂ ಕೋಶದಿಂದ ಹೊರಹೋಗಬೇಕಾದ ಪ್ರೋಟೀನುಗಳೂ ಹುಟ್ಟುವುದು ಒಂದೇ ಜಾಗದಲ್ಲಿ, ಎಂಡೊಪ್ಲಾಸ್ಮಿಕ್ ರೆಟಿಕ್ಯುಲಮ್ಮಿನಲ್ಲಿ. ಅಲ್ಲಿ ಅವಕ್ಕೆ ಮ್ಯಾನೋಸ್ ಸಕ್ಕರೆ ಹೆಚ್ಚಾಗಿರುವ ಸರಪಳಿಗಳು ಅಂಟಿಕೊಳ್ಳುತ್ತವೆ. ಗಾಲ್ಜಿಗೆ ಬರುವವರೆಗೂ ಎರಡಕ್ಕೂ ಒಂದೇ ದಾರಿ. ಅಡಿಕೆ ಮಂಡಿಯಲ್ಲಿ ಒಂದೇ ಬಗೆಯ ಚೀಲಗಳ ಮೇಲೆ ಹಾಕಿದ ಗುರುತು ನೋಡಿ ಯಾವುದು ಯಾರ ಲಾರಿಗೆ ಎಂದು ಬೇರ್ಪಡಿಸುವಂತೆ, ಇಲ್ಲಿಂದ ಮುಂದಿನ ವಿಂಗಡಣೆಯೆಲ್ಲ ಗುರುತಿನ ಮೇಲೆ ನಡೆಯುತ್ತದೆ.

ಗುರುತು ಬೀಳುವುದು ಎರಡು ಹಂತಗಳಲ್ಲಿ. ಗಾಲ್ಜಿಯ ಮೊದಲ ಭಾಗದಲ್ಲಿ ಫಾಸ್ಫೋಟ್ರಾನ್ಸ್‌ಫರೇಸ್, ಯುಡಿಪಿ-ಎನ್-ಅಸಿಟೈಲ್‌ಗ್ಲೂಕೋಸಮೈನ್ ಎಂಬ ಅಣುವಿನಿಂದ ಫಾಸ್ಫೇಟನ್ನು ಅದಕ್ಕೆ ಅಂಟಿದ ಸಕ್ಕರೆಯ ಸಮೇತ ತೆಗೆದು ಮ್ಯಾನೋಸಿನ ಆರನೆಯ ಇಂಗಾಲಕ್ಕೆ ಜೋಡಿಸುತ್ತದೆ. ಆಗ ಫಾಸ್ಫೇಟಿನ ಮೇಲೆ ಇನ್ನೂ ಎನ್-ಅಸಿಟೈಲ್‌ಗ್ಲೂಕೋಸಮೈನಿನ ಮುಸುಕಿರುತ್ತದೆ. ಗಾಲ್ಜಿಯ ಕೊನೆಯ ಭಾಗದಲ್ಲಿ ಎನ್‌ಎಜಿಪಿಎ ವಂಶವಾಹಿಯಿಂದ ಬಂದ ಇನ್ನೊಂದು ಕಿಣ್ವ ಆ ಮುಸುಕನ್ನು ಕತ್ತರಿಸಿ ತೆಗೆದು ಮ್ಯಾನೋಸ್ 6-ಫಾಸ್ಫೇಟನ್ನು ಬಯಲು ಮಾಡುತ್ತದೆ.

ಯಾವ ಪ್ರೋಟೀನಿಗೆ ಗುರುತು ಹಾಕಬೇಕು, ಯಾವುದಕ್ಕೆ ಹಾಕಬಾರದು ಎಂಬ ಆಯ್ಕೆ ಫಾಸ್ಫೋಟ್ರಾನ್ಸ್‌ಫರೇಸಿನದು. ಮ್ಯಾನೋಸ್ ಸರಪಳಿಗಳು ಲೈಸೊಸೋಮಿಗೆ ಸೇರದ ಅನೇಕ ಪ್ರೋಟೀನುಗಳಲ್ಲೂ ಇರುವುದರಿಂದ ಸರಪಳಿಯನ್ನಷ್ಟೇ ನೋಡಿದರೆ ಸಾಲದು. ಲೈಸೊಸೋಮ್ ಕಿಣ್ವಗಳಿಗೆಲ್ಲ ಸಮಾನವಾದ ಅಮೈನೊ ಆಮ್ಲಗಳ ಸಾಲೂ ಇಲ್ಲ. ಪ್ರೋಟೀನು ಸರಿಯಾಗಿ ಮಡಿಚಿಕೊಂಡಾಗ ಅದರ ಮೇಲ್ಮೈಯಲ್ಲಿ ಒಟ್ಟಾಗುವ ಮೂರು ಆಯಾಮದ ವಿನ್ಯಾಸವನ್ನು ಈ ಕಿಣ್ವ ಗುರುತಿಸುತ್ತದೆ. ಆ ವಿನ್ಯಾಸದಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲಕ್ಕೆ ವಿಶೇಷ ಸ್ಥಾನವಿದೆ. ಮಡಿಕೆ ಬಿಚ್ಚಿಹೋದ ಪ್ರೋಟೀನಿಗೆ ಗುರುತು ಬೀಳುವುದಿಲ್ಲ.

ಗ್ರಾಹಕಗಳು ಮತ್ತು ಸಾಗಣೆ

ಮ್ಯಾನೋಸ್ 6-ಫಾಸ್ಫೇಟನ್ನು ಹಿಡಿಯುವ ಗ್ರಾಹಕಗಳು ಎರಡು. ಚಿಕ್ಕದು ಎಮ್‌ಪಿಆರ್46. ದೊಡ್ಡದಾದ ಎಮ್‌ಪಿಆರ್300, ಇನ್ಸುಲಿನ್ ಹೋಲುವ ಬೆಳವಣಿಗೆ ಅಂಶ-2 ಎಂಬ ಹಾರ್ಮೋನನ್ನೂ ಹಿಡಿಯಬಲ್ಲುದು. ಗಾಲ್ಜಿಯ ತುದಿಯಲ್ಲಿ ಇವು ಗುರುತಿರುವ ಕಿಣ್ವಗಳನ್ನು ಹಿಡಿದುಕೊಳ್ಳುತ್ತವೆ, ಕ್ಲಾಥ್ರಿನ್ ಹೊದಿಕೆಯ ಸಣ್ಣ ಕೋಶಿಕೆಗಳು ಅವನ್ನು ಎಂಡೊಸೋಮಿಗೆ ಒಯ್ಯುತ್ತವೆ. ಎಂಡೊಸೋಮಿನ ಆಮ್ಲೀಯತೆಯಲ್ಲಿ ಗ್ರಾಹಕದ ಹಿಡಿತ ಸಡಿಲಿ ಕಿಣ್ವ ಕಳಚಿಕೊಳ್ಳುತ್ತದೆ. ಕಿಣ್ವ ಲೈಸೊಸೋಮಿನತ್ತ ಮುಂದುವರಿದರೆ ಗ್ರಾಹಕ ಮುಂದಿನ ಸರದಿಗಾಗಿ ಗಾಲ್ಜಿಗೆ ಮರಳುತ್ತದೆ.

ಎಮ್‌ಪಿಆರ್300 ಕೋಶದ ಹೊರಪೊರೆಯಲ್ಲೂ ಇರುತ್ತದೆ. ತಪ್ಪಿ ಹೊರಹೋದ ಕಿಣ್ವಗಳನ್ನು ಅದು ಮತ್ತೆ ಒಳಗೆ ತರುತ್ತದೆ. ನ್ಯೂಫೆಲ್ಡ್ ಕಂಡ ಪರಸ್ಪರ ಸರಿಪಡಿಕೆಗೆ ಇದೇ ಕಾರಣ.

ಎಲ್ಲ ಕಿಣ್ವಗಳೂ ಈ ದಾರಿಯನ್ನೇ ಅವಲಂಬಿಸಿಲ್ಲ. ಗೋಶೆ ಕಾಯಿಲೆಯಲ್ಲಿ ಕೊರತೆಯಾಗುವ ಬೀಟಾ-ಗ್ಲೂಕೊಸೆರೆಬ್ರೊಸಿಡೇಸ್ ಲಿಂಪ್-2 ಎಂಬ ಬೇರೊಂದು ಪ್ರೋಟೀನಿನ ಜೊತೆಗೂಡಿ ಲೈಸೊಸೋಮು ಸೇರುತ್ತದೆ. ಐ-ಕೋಶ ಕಾಯಿಲೆಯಲ್ಲಿ ಚರ್ಮ, ಮೃದ್ವಸ್ಥಿ ಮುಂತಾದ ಸಂಯೋಜಕ ಅಂಗಾಂಶಗಳು ತೀವ್ರವಾಗಿ ಕೆಡುತ್ತವೆ. ಅದೇ ರೋಗಿಯ ಯಕೃತ್ತು, ಗುಲ್ಮ ಮತ್ತು ಬಿಳಿರಕ್ತಕಣಗಳಲ್ಲಿ ಹಲವು ಕಿಣ್ವಗಳ ಮಟ್ಟ ಸಾಮಾನ್ಯಕ್ಕೆ ಹತ್ತಿರವಿರುತ್ತದೆ. ಆ ಅಂಗಾಂಶಗಳಲ್ಲಿ ಮ್ಯಾನೋಸ್ 6-ಫಾಸ್ಫೇಟನ್ನು ನಂಬದ ಹಾದಿಗಳಿವೆ ಎಂಬುದಕ್ಕೆ ಇದು ಸಾಕ್ಷಿ.

ಸಂಬಂಧಿಸಿದ ಕಾಯಿಲೆಗಳು

ಜಿಎನ್‌ಪಿಟಿಎಬಿಯಲ್ಲಿ ಕಾಯಿಲೆಗೆ ಕಾರಣವಾಗುವ ಇನ್ನೂರಕ್ಕೂ ಹೆಚ್ಚು ಮಾರ್ಪಾಟುಗಳು ಗೊತ್ತಿವೆ. ಕಿಣ್ವದ ಚಟುವಟಿಕೆ ಪೂರ್ತಿ ನಿಂತರೆ ಮ್ಯೂಕೊಲಿಪಿಡೋಸಿಸ್ ಎರಡು, ಅಲ್ಪಸ್ವಲ್ಪ ಉಳಿದರೆ ಮ್ಯೂಕೊಲಿಪಿಡೋಸಿಸ್ ಮೂರು ಆಲ್ಫಾ/ಬೀಟಾ ಬರುತ್ತದೆ. ಎರಡರ ನಡುವಿನ ರೂಪಗಳೂ ಉಂಟು. ಜಿಎನ್‌ಪಿಟಿಜಿ ಕೆಟ್ಟಾಗ ಬರುವುದು ಮ್ಯೂಕೊಲಿಪಿಡೋಸಿಸ್ ಮೂರು ಗಾಮಾ.

ಮ್ಯೂಕೊಲಿಪಿಡೋಸಿಸ್ ಎರಡರ ಲಕ್ಷಣಗಳು ಹುಟ್ಟಿದಾಗಲೇ, ಕೆಲವೊಮ್ಮೆ ಗರ್ಭದಲ್ಲೇ ಕಾಣುತ್ತವೆ. ಮಗುವಿನ ತೂಕ ಮತ್ತು ಉದ್ದ ಕಡಿಮೆ, ಮುಖಲಕ್ಷಣಗಳು ಒರಟು, ಚರ್ಮ ದಪ್ಪ. ವಸಡುಗಳು ಊದಿ ಹಲ್ಲುಗಳನ್ನು ಮುಚ್ಚುತ್ತವೆ. ಸೊಂಟದ ಕೀಲು ಜಾರಿರುವುದು, ಪಾದ ಸೊಟ್ಟಗಿರುವುದು, ಬೆನ್ನುಮೂಳೆ ಬಾಗಿರುವುದು ಸಾಮಾನ್ಯ. ಬೆಳವಣಿಗೆ ಎಳವೆಯಲ್ಲೇ ನಿಲ್ಲುತ್ತದೆ, ಹೃದಯದ ಕವಾಟಗಳು ದಪ್ಪವಾಗುತ್ತವೆ, ಎದೆಗೂಡು ಬಿಗಿದು ಉಸಿರಾಟ ಕಷ್ಟವಾಗುತ್ತದೆ. ಹೆಚ್ಚಿನ ಮಕ್ಕಳು ಮೊದಲ ದಶಕ ದಾಟುವುದಿಲ್ಲ.

ಮೂರನೆಯ ಬಗೆ ನಿಧಾನದ್ದು. ಮೂರು ವರ್ಷದ ಹೊತ್ತಿಗೆ ಬೆರಳು, ಭುಜ, ಸೊಂಟಗಳ ಕೀಲು ಗಡುಸಾಗತೊಡಗುತ್ತದೆ. ಬೆರಳುಗಳು ಕೊಕ್ಕೆಯಂತೆ ಮಡಿಚಿಕೊಳ್ಳುತ್ತವೆ, ಮಣಿಕಟ್ಟಿನಲ್ಲಿ ನರ ಒತ್ತಿಹೋಗುತ್ತದೆ, ಎತ್ತರ ಕುಂಠಿತವಾಗುತ್ತದೆ. ಬುದ್ಧಿಶಕ್ತಿ ಸಾಮಾನ್ಯವಾಗಿರಬಹುದು ಅಥವಾ ತುಸು ಕಡಿಮೆಯಿರಬಹುದು. ಅನೇಕರು ಪ್ರಾಯಕ್ಕೆ ಬಂದು ಬದುಕು ನಡೆಸುತ್ತಾರೆ. ಊತವಿಲ್ಲದೆ ಕೀಲು ಬಿಗಿಯುವ ಈ ಮಕ್ಕಳನ್ನು ಸಂಧಿವಾತದ ರೋಗಿಗಳೆಂದು ತಿಳಿಯುವ ಸಂದರ್ಭಗಳಿವೆ.

ಆನುವಂಶಿಕತೆ ಮತ್ತು ಹರಡಿಕೆ

ಈ ಕಾಯಿಲೆಗಳು ಅಪ್ರಬಲ ರೀತಿಯಲ್ಲಿ ಬರುತ್ತವೆ. ತಂದೆತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದಾಗಲೇ ಮಗುವಿಗೆ ಕಾಯಿಲೆ. ಇಬ್ಬರೂ ವಾಹಕರಾಗಿದ್ದರೆ ಪ್ರತಿ ಗರ್ಭದಲ್ಲೂ ಶೇಕಡ 25ರಷ್ಟು ಸಂಭವವಿದೆ. ಪ್ರಪಂಚದಾದ್ಯಂತ ಹೆಚ್ಚಾಗಿ ಸಿಗುವ ದೋಷವೆಂದರೆ 19ನೆಯ ಎಕ್ಸಾನಿನಲ್ಲಿ ಎರಡು ಅಕ್ಷರಗಳು ಬಿಟ್ಟುಹೋಗಿ ಪ್ರೋಟೀನು ಪೂರ್ಣವಾಗುವ ಮೊದಲೇ ನಿಲ್ಲುವುದು. ಕೆನಡದ ಕ್ವಿಬೆಕ್ ಪ್ರಾಂತ್ಯದ ಸಾಗೆನೆ-ಲಾಕ್-ಸೇಂಟ್-ಜಾನ್ ಪ್ರದೇಶದಲ್ಲಿ ಇದರ ವಾಹಕರು 39 ಜನರಿಗೆ ಒಬ್ಬರಂತಿದ್ದು, 6,184 ಜನನಗಳಿಗೆ ಒಂದು ಮಗುವಿಗೆ ಕಾಯಿಲೆ ಬರುತ್ತದೆಂದು 2008ರ ಅಧ್ಯಯನ ಲೆಕ್ಕ ಹಾಕಿತು. ಕೆಲವೇ ಫ್ರೆಂಚ್ ವಲಸಿಗ ಕುಟುಂಬಗಳಿಂದ ಬೆಳೆದ ಜನಸಮುದಾಯವಾದ್ದರಿಂದ ಅಲ್ಲಿ ಈ ಪ್ರಮಾಣ ಹೆಚ್ಚು. ಬೇರೆಡೆ ಸಾಮಾನ್ಯವಾಗಿ ಕಾಯಿಲೆ ಲಕ್ಷ ಜನನಗಳಿಗೆ ಒಂದಕ್ಕಿಂತಲೂ ವಿರಳ.

ಸೋದರಮಾವನನ್ನೋ ಸೋದರತ್ತೆಯ ಮಗನನ್ನೋ ಮದುವೆಯಾಗುವ ವಾಡಿಕೆಯಿರುವ ದಕ್ಷಿಣ ಭಾರತದಲ್ಲಿ, ಕರ್ನಾಟಕವೂ ಸೇರಿದಂತೆ, ಅಪ್ರಬಲ ಕಾಯಿಲೆಗಳ ಬಗ್ಗೆ ಆನುವಂಶಿಕ ಸಲಹೆಗೆ ಹೆಚ್ಚಿನ ಮಹತ್ವವಿದೆ. ಒಂದೇ ಹಿರಿಯರಿಂದ ಬಂದ ಕೆಟ್ಟ ಪ್ರತಿ ಗಂಡಹೆಂಡಿರಿಬ್ಬರಲ್ಲೂ ಇರುವ ಸಾಧ್ಯತೆ ಇಂಥ ಮದುವೆಗಳಲ್ಲಿ ಏರುತ್ತದೆ. ಭಾರತ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ಗುರುತಿಸಿದ ಉತ್ಕೃಷ್ಟತಾ ಕೇಂದ್ರಗಳಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯ ಜಂಟಿ ಕೇಂದ್ರವೂ ಒಂದು.

ಪತ್ತೆ

ರೋಗಿಯ ರಕ್ತದ ಪ್ಲಾಸ್ಮಾದಲ್ಲಿ ಲೈಸೊಸೋಮ್ ಕಿಣ್ವಗಳು ಸಾಮಾನ್ಯಕ್ಕಿಂತ ಹಲವು ಪಟ್ಟು, ಚರ್ಮದ ಕೋಶಗಳ ಒಳಗೆ ತೀರ ಕಡಿಮೆ. ಬೇರೆ ಶೇಖರಣಾ ಕಾಯಿಲೆಗಳಲ್ಲಿ ಒಂದು ಕಿಣ್ವ ಎಲ್ಲೆಡೆಯೂ ಕಡಿಮೆಯಿರುತ್ತದೆ. ಇಲ್ಲಿ ಹಲವು ಕಿಣ್ವಗಳು ಒಳಗೆ ಇಳಿದು ಹೊರಗೆ ಏರಿರುತ್ತವೆ. ಹರ್ಲರ್ ಕಾಯಿಲೆಯಂತೆ ಮೂತ್ರದಲ್ಲಿ ಮ್ಯೂಕೊಪಾಲಿಸ್ಯಾಕರೈಡುಗಳೆಂಬ ಸಕ್ಕರೆ ಸರಪಳಿಗಳು ಅತಿಯಾಗಿ ಹೋಗುವುದಿಲ್ಲ ಎಂಬುದೂ ವೈದ್ಯರಿಗೆ ಸುಳಿವು. ವಂಶವಾಹಿಯ ಅನುಕ್ರಮವನ್ನು ಓದಿ ರೋಗನಿರ್ಣಯವನ್ನು ಖಚಿತಪಡಿಸುತ್ತಾರೆ. ಕುಟುಂಬದ ದೋಷ ತಿಳಿದಿದ್ದರೆ ಗರ್ಭಾವಸ್ಥೆಯಲ್ಲೇ ಪರೀಕ್ಷೆ ಸಾಧ್ಯ.

ಉಗ್ಗು

ಉಗ್ಗು ಪ್ರಾಯದವರಲ್ಲಿ ಸುಮಾರು ಶೇಕಡ ಒಂದರಷ್ಟು ಜನರನ್ನು ಕಾಡುತ್ತದೆ. ಅಮೆರಿಕದ ಡೆನಿಸ್ ಡ್ರೇನಾ ಮತ್ತು ಸಂಗಡಿಗರು ಪಾಕಿಸ್ತಾನದ ರಕ್ತಸಂಬಂಧದ ಮದುವೆಗಳಿರುವ ಕುಟುಂಬಗಳನ್ನು ಅಧ್ಯಯನ ಮಾಡಿ, ಉಗ್ಗಿನ ಜಾಡು 12ನೆಯ ವರ್ಣತಂತುವಿಗೆ ಹೋಗುವುದನ್ನು ಕಂಡರು. 2010ರಲ್ಲಿ ಅವರು ಪ್ರಕಟಿಸಿದ ಲೇಖನ ಜಿಎನ್‌ಪಿಟಿಎಬಿಯ 1200ನೆಯ ಸ್ಥಾನದಲ್ಲಿ ಗ್ಲುಟಮಿಕ್ ಆಮ್ಲದ ಬದಲು ಲೈಸಿನ್ ಬಂದಿರುವುದನ್ನು ವರದಿ ಮಾಡಿತು. ಉಗ್ಗುವ ಬೇರೆ ಕೆಲವರಲ್ಲಿ ಜಿಎನ್‌ಪಿಟಿಜಿ ಮತ್ತು ಎನ್‌ಎಜಿಪಿಎ ವಂಶವಾಹಿಗಳ ಮಾರ್ಪಾಟುಗಳೂ ಸಿಕ್ಕವು. ಮೂರೂ ಒಂದೇ ಗುರುತು ಹಾಕುವ ಕೆಲಸದಲ್ಲಿ ಪಾಲ್ಗೊಳ್ಳುವವು.

ಇಂಥ ಮಾರ್ಪಾಟಿರುವ ಉಗ್ಗುವವರಲ್ಲಿ ಮ್ಯೂಕೊಲಿಪಿಡೋಸಿಸ್ಸಿನ ಲಕ್ಷಣಗಳಿರುವುದಿಲ್ಲ. ಉಗ್ಗಿನ ಒಟ್ಟು ಪ್ರಕರಣಗಳಲ್ಲಿ ಈ ವಂಶವಾಹಿಗಳ ಪಾಲೂ ಸಣ್ಣದೇ. 2016ರಲ್ಲಿ ಇಂಥ ಮಾರ್ಪಾಟನ್ನು ಇಲಿಮರಿಗಳಲ್ಲಿ ಅಳವಡಿಸಿದಾಗ, ಅವು ತಾಯಿಯಿಂದ ಬೇರಾದಾಗ ಹೊರಡಿಸುವ ಶ್ರವಣಾತೀತ ಧ್ವನಿಯಲ್ಲಿ ಉದ್ದನೆಯ ವಿರಾಮಗಳು ಕಂಡುಬಂದವು. ಮುಂದಿನ ಅಧ್ಯಯನಗಳು ಮಿದುಳಿನ ಎರಡು ಭಾಗಗಳನ್ನು ಜೋಡಿಸುವ ನರಸೇತುವೆಯ ಆಸ್ಟ್ರೊಸೈಟ್ ಕೋಶಗಳತ್ತ ಬೆರಳು ಮಾಡಿವೆ.

ವೈರಸ್ ಸೋಂಕು

ಎಬೊಲಾ ವೈರಸ್ ಕೋಶವನ್ನು ಹೊಗಬೇಕಾದರೆ ಅದರ ಹೊರಪ್ರೋಟೀನನ್ನು ಕ್ಯಾಥೆಪ್ಸಿನ್ ಎಂಬ ಲೈಸೊಸೋಮ್ ಕಿಣ್ವಗಳು ಕತ್ತರಿಸಬೇಕು. ಜಿಎನ್‌ಪಿಟಿಎಬಿ ಇಲ್ಲದ ಕೋಶಗಳಲ್ಲಿ ಕ್ಯಾಥೆಪ್ಸಿನ್‌ಗಳು ಸರಿಯಾದ ಜಾಗ ಸೇರದ ಕಾರಣ ಸೋಂಕಿಗೆ ತಡೆ ಬೀಳುತ್ತದೆಂದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಲೈಸೆಟ್ ಪತ್ತೆಯಾಗಲು ಇದ್ದ ದಾರಿಗಳಲ್ಲೊಂದು ವೈರಸ್ ಸಂಶೋಧನೆಯೇ.

ಚಿಕಿತ್ಸೆ

ಕಾಯಿಲೆಯ ಮೂಲಕ್ಕೆ ಸ್ಥಾಪಿತ ಮದ್ದಿಲ್ಲ. ಕೀಲುಗಳ ಚಲನೆ ಉಳಿಸುವ ವ್ಯಾಯಾಮ, ಮಣಿಕಟ್ಟಿನ ಮತ್ತು ಸೊಂಟದ ಶಸ್ತ್ರಕ್ರಿಯೆ, ಮೂಳೆನೋವಿಗೆ ಬಿಸ್‌ಫಾಸ್ಫೊನೇಟ್ ಔಷಧ, ಉಸಿರಾಟಕ್ಕೆ ನೆರವು ಇವೇ ಆಸರೆ. ಅರಿವಳಿಕೆ ಕೊಡುವಾಗ ಬಿಗಿದ ಕತ್ತು ಮತ್ತು ಕಿರಿದಾದ ಶ್ವಾಸಮಾರ್ಗದಿಂದ ಅಪಾಯವಿರುವುದರಿಂದ ಅನುಭವಿ ತಂಡ ಬೇಕು. ಅಸ್ಥಿಮಜ್ಜೆಯ ಆಕರಕೋಶಗಳ ಕಸಿಯನ್ನು ಕೆಲವು ಮಕ್ಕಳಲ್ಲಿ ಪ್ರಯತ್ನಿಸಿದ್ದಾರೆ, ಫಲ ಸೀಮಿತ.

ಒಂದೇ ಕಿಣ್ವದ ಕೊರತೆಯಿರುವ ಕಾಯಿಲೆಗಳ ಸ್ಥಿತಿ ಬೇರೆ. ಹರ್ಲರ್ ಕಾಯಿಲೆಗೆ 2003ರಿಂದ, ಪೊಂಪೆಗೆ 2006ರಿಂದ ಕಿಣ್ವವನ್ನೇ ರಕ್ತನಾಳದ ಮೂಲಕ ಕೊಡುವ ಚಿಕಿತ್ಸೆ ಬಳಕೆಯಲ್ಲಿದೆ. ಕೊಟ್ಟ ಕಿಣ್ವ ಕೋಶದೊಳಗೆ ಹೋಗುವುದು ಅದರ ಮೇಲಿನ ಮ್ಯಾನೋಸ್ 6-ಫಾಸ್ಫೇಟನ್ನು ಹೊರಪೊರೆಯ ಗ್ರಾಹಕ ಹಿಡಿಯುವುದರಿಂದಲೇ. 2017ರಲ್ಲಿ ಕಾರ್ನ್‌ಫೆಲ್ಡ್ ಅವರ ತಂಡ ಜಿಎನ್‌ಪಿಟಿಎಬಿಯ ಕೆಲವು ಭಾಗಗಳನ್ನು ಕತ್ತರಿಸಿ, ಹೆಚ್ಚು ಚುರುಕಾಗಿ ಗುರುತು ಹಾಕುವ ಚಿಕ್ಕ ರೂಪವನ್ನು ರಚಿಸಿತು. ಅದನ್ನು ಸೇರಿಸಿದ ಕೋಶಗಳಲ್ಲಿ ತಯಾರಾದ ಔಷಧ-ಕಿಣ್ವಗಳಿಗೆ ಫಾಸ್ಫೇಟ್ ಹೆಚ್ಚಾಗಿ ಅಂಟುತ್ತದೆ.

ಐ-ಕೋಶ ಕಾಯಿಲೆಯ ಮಕ್ಕಳಿಗೆ ಈ ದಾರಿ ಒದಗುವುದಿಲ್ಲ. ಅವರಲ್ಲಿ ಗ್ರಾಹಕಗಳು ಸರಿಯಾಗಿಯೇ ಇವೆ, ಆದರೆ ಹತ್ತಾರು ಕಿಣ್ವಗಳನ್ನು ಒಟ್ಟಿಗೆ ಹೊರಗಿನಿಂದ ಕೊಡುವುದು ಆಗದ ಕೆಲಸ. ಗುರುತು ಹಾಕುವ ಕಿಣ್ವವನ್ನೇ ಕೊಡೋಣವೆಂದರೆ ಅದು ಗಾಲ್ಜಿಯ ಪೊರೆಯಲ್ಲಿ ನೆಲೆ ನಿಂತು ಕೆಲಸ ಮಾಡುವಂಥದು, ರಕ್ತಕ್ಕೆ ಸೇರಿಸಿದರೆ ಅಲ್ಲಿಗೆ ತಲುಪುವುದಿಲ್ಲ. ಈ ಮಕ್ಕಳ ಕೋಶಗಳಿಂದ ಕಲಿತ ಪಾಠ ಬೇರೆ ಶೇಖರಣಾ ಕಾಯಿಲೆಗಳಿಗೆ ಮದ್ದು ತಂದಿದೆ. ಇವರಿಗೆ ಮದ್ದು ಬರಬೇಕಾದರೆ ಸರಿಯಾದ ವಂಶವಾಹಿಯ ಪ್ರತಿಯನ್ನೇ ಕೋಶಗಳೊಳಗೆ ಸೇರಿಸುವ ವಿಧಾನ, ಅದೂ ಮೂಳೆ ಮತ್ತು ಮೃದ್ವಸ್ಥಿಯನ್ನು ಮುಟ್ಟುವಂಥದು, ಕೈಗೂಡಬೇಕಾಗಿದೆ.